ಬೇಳೆ ಬೇಯುವ ನೀರಿನ ಮಾನಕ

ನಮ್ಮ ಮನೆಯಲ್ಲಿ ನೀರಿನ ಗುಣವನ್ನು ನೋಡುತ್ತಿದ್ದದ್ದು ತೊಗರಿಬೇಳೆಯಿಂದ. ದ್ರಾಕ್ಷಿ ತೋಟಕ್ಕೆಂದು ಅಪ್ಪ ಬೋರ್‌ವೆಲ್ ಕೊರೆಸಿದಾಗ ನಾನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಕೆಸರು ಹೋಗಿ ತಿಳಿನೀರು ಬಂದ ದಿನ ಅಮ್ಮ ಒಂದು ಪಾವು ಬೇಳೆಯನ್ನು ಅದರಲ್ಲೇ ಬೇಯಲಿಟ್ಟಿದ್ದಳು. ಬೋರ್‌ವೆಲ್ ಲಾರಿಯವರೂ ಅಕ್ಕಪಕ್ಕದವರೂ ಒಲೆಯ ಸುತ್ತ ಕಾದು ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ. ಬೇಳೆ ಕರಗಿ ಬೆಣ್ಣೆಯಾಯಿತು. "ಸಿಹಿನೀರು" ಎಂದಳು ಅಮ್ಮ. ಅಲ್ಲಿಗೆ ತೀರ್ಪಾಯಿತು. ಕೊಡಿಗೇಹಳ್ಳಿಯ ಯಾವ ಹಳೆಯ ಮನೆಯಲ್ಲೂ ನೀರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇರಲಿಲ್ಲ. ಸೋಪು ನೊರೆ ಬಿಡಬೇಕು, ಬೇಳೆ ಬೇಯಬೇಕು, ನಾಲಿಗೆಗೆ ಉಪ್ಪು ಹತ್ತಬಾರದು. ಇಷ್ಟಾದರೆ ಕಣ್ಣು ಮುಚ್ಚಿಕೊಂಡು ಕುಡಿಯಬಹುದು.

ಆಮೇಲೆ ದ್ರಾಕ್ಷಿ ಹೋಯಿತು. ವಿಮಾನ ನಿಲ್ದಾಣ ದೇವನಹಳ್ಳಿಯ ಕಡೆಗೆ ಹೋದ ಹೊಸತರಲ್ಲಿ ಅಪ್ಪ ಬಳ್ಳಿ ಕಿತ್ತು, ಚಪ್ಪರದ ಕಲ್ಲುಕಂಬಗಳನ್ನು ಮೂಲೆಗೆ ಪೇರಿಸಿ, ಆ ಜಾಗದಲ್ಲಿ ಸಾಲಾಗಿ ಹನ್ನೊಂದು ಬಾಡಿಗೆ ಮನೆ ಕಟ್ಟಿಸಿದ. ಒಳಚರಂಡಿ ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲವಾದ್ದರಿಂದ ಮನೆಗಳ ಹಿಂದೆ ಕಕ್ಕಸಿಗೆ ಇಂಗುಗುಂಡಿಗಳನ್ನು ತೆಗೆಸಿದ. ಬಿಸಿಲಲ್ಲಿ ತಾನೇ ನಿಂತು, ಆಳ ಸಾಲದು ಎಂದು ಕೂಲಿಯವರನ್ನು ಗದರಿಸಿ ತೆಗೆಸಿದ. ಕಾವೇರಿ ನೀರಿನ ಕೊಳಾಯಿಯೂ ಬಂದಿರಲಿಲ್ಲ. ಅದಕ್ಕೆ ಕಾಂಪೌಂಡು ಗೋಡೆ ಕೊರೆದು ಬೀದಿಯ ಕಡೆಗೊಂದು ಹಿತ್ತಾಳೆ ನಲ್ಲಿ ಇಟ್ಟ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೋಟರ್ ಹಾಕುವನು. ಬಾಡಿಗೆಯವರು, ಬೀದಿಯವರು, ಹೆದ್ದಾರಿಗೆ ಕಂಬ ನಿಲ್ಲಿಸಲು ಬಂದ ಕೆಲಸದವರು, ಯಾರು ಬೇಕಾದರೂ ಹಿಡಿದುಕೊಳ್ಳಬಹುದಿತ್ತು. ಅಪ್ಪ ಕಲ್ಲುಬೆಂಚಿನ ಮೇಲೆ ಕೂತು, ಬಿಂದಿಗೆಗಳು ತುಂಬುವ ಸದ್ದು ಕೇಳುತ್ತಾ ಅರೆಗಣ್ಣಾಗುತ್ತಿದ್ದ. ತೋಟ ಹೋದ ಮೇಲೆ ಊರಿನಲ್ಲಿ ಅವನಿಗೆ ಉಳಿದ ಮರ್ಯಾದೆಯೆಂದರೆ ಆ ನಲ್ಲಿ ಒಂದೇ. ನಮ್ಮ ಮನೆ ಯಾವುದೆಂದು ಕೇಳಿದರೆ ಜನ "ನೀರು ಕೊಡೋರ ಮನೆ" ಎಂದು ತೋರಿಸುತ್ತಿದ್ದರು.

ನಾನು ಯಶವಂತಪುರದಲ್ಲಿ ಒಂದು ಪುಟ್ಟ ಲ್ಯಾಬಿನಲ್ಲಿ ಟೈಪಿಸ್ಟಾಗಿದ್ದೆ. ತಮಾಷೆಯೆಂದರೆ ಅದು ನೀರು ಪರೀಕ್ಷೆ ಮಾಡುವ ಲ್ಯಾಬು. ದಿನಾ ಬೆಳಿಗ್ಗೆ ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸಬೇಕು. ಫ್ಲೈಓವರಿನ ಮೇಲೆ ಟ್ರಾಫಿಕ್ಕು ನಿಂತಾಗ ಕೆರೆ ಕಾಣಿಸುತ್ತಿತ್ತು. ಚಳಿಗಾಲದಲ್ಲಿ ಕೆರೆಯೂ ಆಕಾಶವೂ ಒಂದೇ ಬಣ್ಣಕ್ಕೆ ತಿರುಗಿ, ಮಂಜಿನೊಳಗೆ ದೊಡ್ಡ ಕೊಕ್ಕಿನ ಹಕ್ಕಿಗಳು ಯಾವುದರ ಮೇಲೆ ಕೂತಿವೆ ಎಂಬುದೇ ತಿಳಿಯುತ್ತಿರಲಿಲ್ಲ. ಬಸ್ಸಿನವರೆಲ್ಲ ಟ್ರಾಫಿಕ್ಕಿಗೆ ಶಾಪ ಹಾಕುತ್ತಿದ್ದರೆ ನಾನೊಬ್ಬಳು ಇನ್ನೂ ಸ್ವಲ್ಪ ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆ. ನನಗೆ ಹಗಲುಗನಸಿನ ಚಾಳಿ. ಜೊತೆಗೆ ಮೂಗಿನ ತುದಿಯಲ್ಲಿ ಕೋಪ. ಎರಡೂ ಒಬ್ಬಳಲ್ಲೇ ಹೇಗಿವೆಯೋ ಎಂದು ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು.

ಲ್ಯಾಬು ಮಾರ್ಕೆಟ್ ಯಾರ್ಡಿನ ಹತ್ತಿರ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿ ತೆಗೆದರೆ ಈರುಳ್ಳಿ ವಾಸನೆ. ಇದ್ದವರು ಇಬ್ಬರೇ. ಪರೀಕ್ಷೆ ಮಾಡುವ ನಮ್ಮ ಸಾರ್, ಮತ್ತು ಅವರು ಬರೆದುಕೊಟ್ಟ ಅಂಕಿಗಳನ್ನು ಟೈಪು ಮಾಡುವ ನಾನು. ಸಾರ್ ಬಳಿ ಒಂದು ಕಬ್ಬಿಣದ ಬೀರು ಇತ್ತು, ಅದರೊಳಗೆ ಕುಡಿಯುವ ನೀರಿನ ಮಾನಕದ ಪುಸ್ತಕ ಇತ್ತು. ನೀರಿನಲ್ಲಿ ಯಾವ್ಯಾವ ಪದಾರ್ಥ ಎಷ್ಟೆಷ್ಟು ಇರಬಹುದು, ಎಷ್ಟು ದಾಟಿದರೆ ಕುಡಿಯಬಾರದು ಎಂದು ದೇಶಕ್ಕೆಲ್ಲ ಅನ್ವಯಿಸುವಂತೆ ಅಚ್ಚು ಹಾಕಿದ ಪುಸ್ತಕ. ಅದನ್ನು ಅವರು ದುಡ್ಡು ಕೊಟ್ಟು, ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಅರ್ಧ ದಿನ ನಿಂತು ತಂದಿದ್ದರು. ತೆಗೆಯುವಾಗ ಬೆನ್ನು ನನ್ನ ಕಡೆ ಮಾಡಿ ತೆಗೆಯುವರು, ನೋಡಿ ಮತ್ತೆ ಬೀಗ ಹಾಕುವರು. ನನ್ನ ರಿಪೋರ್ಟಿನಲ್ಲಿ ಫಲಿತಾಂಶದ ಅಂಕಿ ಮಾತ್ರ ಇರುತ್ತಿತ್ತು, ಮಿತಿ ಎಷ್ಟೆಂಬುದು ಇರುತ್ತಿರಲಿಲ್ಲ. ಜನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ "ಚೆನ್ನಾಗಿದ್ಯಾ ಮೇಡಂ ನಮ್ ನೀರು?" ಎಂದು ನನ್ನನ್ನೇ ಕೇಳುವರು. "ಸಾರ್‌ನ ಕೇಳಿ" ಎನ್ನುವುದು ನನ್ನ ಉತ್ತರ. ಒಮ್ಮೆ ನಾನೂ ನೋಡಬಹುದೇ ಎಂದು ಕೇಳಿದ್ದಕ್ಕೆ ಸಾರ್ ನಕ್ಕು, "ನಿಮಗ್ಯಾಕಮ್ಮ ಅದು, ಟೈಪ್ ಮಾಡಿ" ಎಂದಿದ್ದರು. ಐದು ವರ್ಷ ನೀರಿನ ಅಂಕಿ ಟೈಪು ಮಾಡಿದವಳಿಗೆ ಒಂದು ಅಂಕಿಯ ಅರ್ಥವೂ ತಿಳಿದಿರಲಿಲ್ಲ. ನಾಚಿಕೆಯಾಗುತ್ತಿತ್ತು, ಆದರೆ ಅಭ್ಯಾಸವಾಗಿ ಹೋಗಿತ್ತು.

ಬೀಗ ಒಡೆದದ್ದು ಹೆಬ್ಬಾಳದ ಅಪಾರ್ಟ್‌ಮೆಂಟಿನ ಒಬ್ಬ ನಿವೃತ್ತ ಹಿರಿಯರು. ಅವರು ರಿಪೋರ್ಟು ಒಯ್ಯಲು ಬಂದಾಗ ಬಗಲಲ್ಲಿ ಒಂದು ಪ್ರಿಂಟ್‌ಔಟ್ ಇತ್ತು. ಅದನ್ನು ನನ್ನ ಮೇಜಿನ ಮೇಲೆ ಹರಡಿ, ನಮ್ಮ ಅಂಕಿಗಳ ಪಕ್ಕದಲ್ಲಿ ಬೆರಳಿಟ್ಟು ಒಂದೊಂದೇ ಹೋಲಿಸಿ ನೋಡಿದರು. ಬೀರುವಿನೊಳಗಿನ ಅದೇ ಪುಸ್ತಕ. "ಇದು ಎಲ್ಲಿ ಸಿಕ್ತು ಸಾರ್?" ಎಂದೆ. "ನೆಟ್ಟಲ್ಲಿ ಕಣಮ್ಮ. ಮಾನಕಗಳನ್ನೆಲ್ಲ ಫ್ರೀಯಾಗಿ ಹಾಕಿದಾರೆ. ಸಿಮೆಂಟಿಂದು, ಇಟ್ಟಿಗೇದು, ಗ್ಯಾಸ್ ಒಲೇದು, ಏನ್ ಬೇಕಾದ್ರೂ ಇಳಿಸ್ಕೋಬಹುದು" ಎಂದರು. ಅಷ್ಟು ಸಲೀಸಾಗಿ. ಐದು ವರ್ಷ ನಾನು ಬೀರುವಿನ ಮುಂದೆ ಸಾರ್ ಬೆನ್ನು ನೋಡಿದ್ದೆಲ್ಲ ಸುಮ್ಮನೆ ಎನಿಸಿ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಆ ಭಾನುವಾರ ಮಧ್ಯಾಹ್ನ, ಊಟವಾಗಿ ಮನೆಯೆಲ್ಲ ಮಲಗಿದ್ದಾಗ, ಲ್ಯಾಪ್‌ಟಾಪಿಗೆ ಡಾಂಗಲ್ ಸಿಕ್ಕಿಸಿ ಕಿಟಕಿಯ ಹತ್ತಿರ ಕೂತೆ. ಪುಸ್ತಕ ಇಳಿಯುವುದನ್ನು ತೋರಿಸುವ ನೀಲಿ ಗೆರೆ ಎಳ್ಳಷ್ಟು ಎಳ್ಳಷ್ಟೇ ಮುಂದೆ ಸರಿಯುತ್ತಿತ್ತು. ಹೊರಗೆ ಬಿಸಿಲು, ಎಲ್ಲೋ ಕ್ರೇನಿನ ಸದ್ದು, ರೈಲು ಹಾದುಹೋದ ಮೇಲೆ ಉಳಿಯುವ ಆ ಮೌನ. ಪುಸ್ತಕ ಇಳಿದು ಪರದೆಯ ಮೇಲೆ ತೆರೆದುಕೊಂಡಿತು. ಯಾರೂ ಬೆನ್ನು ತಿರುಗಿಸಿ ನಿಂತಿರಲಿಲ್ಲ. ಓದತೊಡಗಿದೆ.

ಸರ್ಕಾರಿ ಕಾಗದವೆಂದರೆ ಒಣ ಹುಲ್ಲು ಅಂದುಕೊಂಡಿದ್ದೆ. ಹಾಗಿರಲಿಲ್ಲ. ಬಣ್ಣದ ಸಾಲು, ವಾಸನೆಯ ಸಾಲು, ರುಚಿಯ ಸಾಲು. ರುಚಿಗೆ ಅಂಕಿಯೇ ಇಲ್ಲ, ಮನಸ್ಸಿಗೆ ಒಪ್ಪುವಂತಿರಬೇಕು ಎಂದಷ್ಟೇ ಇತ್ತು. ಇಡೀ ದೇಶದ ನೀರು ಮನಸ್ಸಿಗೆ ಒಪ್ಪಬೇಕೆಂದು ಯಾರೋ ಕೂತು ಸಭೆ ಮಾಡಿ ಬರೆದಿದ್ದಾರಲ್ಲ ಎಂದು ಅವರ ಮೇಲೆ ಪ್ರೀತಿ ಬಂತು. ಪ್ರತಿ ಪದಾರ್ಥದ ಮುಂದೆ ಎರಡು ಕಾಲಮ್ಮು. ಮೊದಲನೆಯದು ಇರಬೇಕಾದ ಮಿತಿ. ಎರಡನೆಯದು ಬೇರೆ ನೀರು ಸಿಗದೆ ಹೋದ ಪಕ್ಷದಲ್ಲಿ ಕೊಡುವ ಸಡಿಲಿಕೆ. ಗಡಸುತನಕ್ಕೆ ಸಡಿಲಿಕೆ ಉಂಟು. ಅಂದರೆ ಬೇಳೆ ಬೇಯದ ನೀರನ್ನು ಗತಿಯಿಲ್ಲದಿದ್ದರೆ ಕುಡಿಯಬಹುದು. ಕೆಳಗೆ ನೈಟ್ರೇಟ್ ಎಂಬ ಸಾಲಿಗೆ ಬಂದೆ. ಅಲ್ಲಿ ಎರಡನೆಯ ಕಾಲಮ್ಮಿನಲ್ಲಿ ಸಡಿಲಿಕೆ ಇಲ್ಲ ಎಂದಿತ್ತು. ಬಿಸಿಲು ಮಂಚದ ಮೇಲಕ್ಕೆ ಬಂದಿತ್ತು. ಓದುತ್ತಾ ಓದುತ್ತಾ ಹಾಗೇ ನಿದ್ದೆ ಹೋದೆ. ಕನಸಿನಲ್ಲಿ ಕೆರೆಯ ಮಂಜಿನೊಳಗೆ ಉದ್ದುದ್ದ ಕಾಲಮ್ಮುಗಳು ನಿಂತಿದ್ದವು, ಹಕ್ಕಿಗಳು ಅವುಗಳ ನಡುವೆ ಈಜುತ್ತಿದ್ದವು.

ಸೋಮವಾರ ಸಾರ್ ಅವರನ್ನು ಕೇಳಿದೆ, ನೈಟ್ರೇಟ್ ಎಂದರೇನು, ಎಲ್ಲಿಂದ ಬರುತ್ತದೆ ಎಂದು. "ನಿಮಗೆ ಹೇಗೆ ಗೊತ್ತಾಯ್ತು?" ಎಂದರು. ನೆಟ್ಟಿನಲ್ಲಿ ಓದಿದೆ ಎಂದಾಗ ಅವರ ಮುಖ ಸ್ವಲ್ಪ ಬಾಡಿತು. ಆದರೂ ಹೇಳಿದರು. ಗೊಬ್ಬರದಿಂದ ಬರಬಹುದು, ಊರೊಳಗಾದರೆ ಹೆಚ್ಚಾಗಿ ಕಕ್ಕಸುಗುಂಡಿಯಿಂದ ನೆಲಕ್ಕಿಳಿದು ಬೋರ್‌ವೆಲ್ಲಿಗೆ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ದೊಡ್ಡವರಿಗೆ ಒಮ್ಮೆಲೇ ಏನೂ ಗೊತ್ತಾಗುವುದಿಲ್ಲ. "ಎಳೆ ಮಕ್ಕಳಿಗೆ ಆಗಲ್ಲ. ಹಾಲಿನ ಪುಡಿ ಕಲಸಿ ಕೊಡ್ತಾರಲ್ಲ, ಅಂಥ ಮಕ್ಕಳಿಗೆ. ರಕ್ತಕ್ಕೆ ಆಕ್ಸಿಜನ್ ಹೊರೋಕಾಗಲ್ಲ, ಮೈ ನೀಲಿಗೆ ತಿರುಗುತ್ತೆ. ಕುದಿಸಿದ್ರೂ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೇ" ಎಂದರು.

ನಮ್ಮ ಸಾಲಿನ ಹನ್ನೊಂದನೇ ಮನೆಯಲ್ಲಿ ಎರಡು ತಿಂಗಳ ಕೂಸಿತ್ತು. ತಾಯಿಗೆ ಹಾಲು ಸಾಲದೆ ಡಬ್ಬಿ ಹಾಲು ಹಾಕುತ್ತಿದ್ದಳು. ದಿನಾ ಬೆಳಿಗ್ಗೆ ನಲ್ಲಿಯ ಹತ್ತಿರ ಮೊದಲು ಬರುವವಳು ಅವಳೇ. ಬಿಂದಿಗೆಯ ಜೊತೆಗೆ ಒಂದು ಪುಟ್ಟ ಸ್ಟೀಲ್ ಪಾತ್ರೆ ತಂದು, "ಇದು ಮಗೂದು" ಎಂದು ಮೂರು ಸಲ ತೊಳೆದು ಹಿಡಿಯುವಳು. ಅಪ್ಪ ಆ ಪಾತ್ರೆಗಾಗಿಯೇ ಮೋಟರನ್ನು ಹತ್ತು ನಿಮಿಷ ಮುಂಚೆ ಹಾಕುತ್ತಿದ್ದ. ಸಾರ್ ಮಾತು ಮುಗಿಸಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಪಾತ್ರೆ. ನನಗೆ ಹೆದರಿಕೆಯಾಯಿತು. ಅಂಥ ಹೆದರಿಕೆ ಅದಕ್ಕೆ ಮುಂಚೆ ಆಗಿರಲಿಲ್ಲ.

ಮರುದಿನ ಊಟದ ಚೀಲದಲ್ಲಿ ನಮ್ಮ ನಲ್ಲಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದೆ. ಯಾರದೆಂದು ಹೇಳಲಿಲ್ಲ. ಸಾರ್ ಪರೀಕ್ಷೆ ಮಾಡಿ ಅಂಕಿ ಬರೆದುಕೊಟ್ಟರು. ಈ ಸಲ ನನಗೆ ಓದಲು ಬರುತ್ತಿತ್ತು. ಗಡಸುತನ ಚೆನ್ನಾಗಿತ್ತು, ಅಮ್ಮನ ಬೇಳೆ ಸುಳ್ಳು ಹೇಳಿರಲಿಲ್ಲ. ಉಪ್ಪು ಚೆನ್ನಾಗಿತ್ತು. ನೈಟ್ರೇಟ್ ಮಿತಿಯ ದುಪ್ಪಟ್ಟು ದಾಟಿತ್ತು. ನಾನು ಟೈಪು ಮಾಡದೆ ಸುಮ್ಮನೆ ಕೂತಿದ್ದನ್ನು ನೋಡಿ ಸಾರ್ "ಯಾರದಮ್ಮ ನೀರು?" ಎಂದರು. "ನಮ್ಮಪ್ಪಂದು ಸಾರ್" ಎಂದೆ. ಅವರು ಬೀರು ತೆಗೆದು, ಆ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟು ತಮ್ಮ ಕೆಲಸಕ್ಕೆ ಹೋದರು. ಅದು ಆಮೇಲೆ ಅಲ್ಲೇ ಉಳಿಯಿತು. ಅವತ್ತಿನ ರಿಪೋರ್ಟಿನಲ್ಲಿ ನಾನು ಮೊದಲ ಸಲ ಮಿತಿಯ ಕಾಲಮ್ಮನ್ನೂ ಸೇರಿಸಿ ಟೈಪು ಮಾಡಿದೆ.

ಸಂಜೆ ಮನೆ ಮುಟ್ಟಿದಾಗ ಮೋಟರ್ ಓಡುತ್ತಿತ್ತು. ಅಪ್ಪ ಬೆಂಚಿನ ಮೇಲಿದ್ದ. ಎಲ್ಲರೂ ಹಿಡಿದುಕೊಂಡು ಹೋಗುವ ತನಕ ಕಾದು ಪಕ್ಕದಲ್ಲಿ ಕೂತೆ. ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, "ಅಪ್ಪ, ನಮ್ ನೀರು ಕುಡಿಯೋ ಹಾಗಿಲ್ಲ" ಎಂದುಬಿಟ್ಟೆ. ಅಪ್ಪ ನಕ್ಕ. "ಬೇಳೆ ಬೇಯ್ತದೆ" ಎಂದ. ನಾನು ರಿಪೋರ್ಟನ್ನೂ ಮಾನಕದ ಪ್ರಿಂಟ್‌ಔಟನ್ನೂ ತೆಗೆದು ತೋರಿಸಿ, ನೈಟ್ರೇಟ್ ಎಲ್ಲಿಂದ ಬರುತ್ತದೆ ಎಂಬುದೊಂದನ್ನು ಬಿಟ್ಟು ಎಲ್ಲ ಹೇಳಿದೆ. ಅಪ್ಪನ ನಗು ನಿಧಾನಕ್ಕೆ ಹೋಯಿತು.

"ಇಷ್ಟ್ ವರ್ಸ ಕುಡ್ದಿವ್ನಿ, ನಂಗೇನಾಗೈತೆ? ಯಾವನ್ ಬರ್ದಿದ್ದು ಅದ್ನ?"

"ದೇಶಕ್ಕೆಲ್ಲ ಒಂದೇ ಅಪ್ಪ. ಸರ್ಕಾರದ್ದು."

"ಅಂಗಾರೆ ಸೀಲೆಲ್ಲೈತೆ? ಎಷ್ಟ್ ಕೊಟ್ಟು ತಂದೆ?"

"ಕೊಟ್ಟಿಲ್ಲ. ನೆಟ್ಟಲ್ಲಿ ಬಿಟ್ಟಿ ಸಿಗುತ್ತೆ."

ಅಪ್ಪನಿಗೆ ಅದು ಸಾಕಾಯಿತು. ಮೋಟರ್ ಆರಿಸಲು ಎದ್ದು, "ಬಿಟ್ಟಿ ಸಿಗೋ ಕಾಗ್ದಕ್ಕೆ ಏನ್ ಬೆಲೆ ಐತೆ? ಯಾರೋ ಬರೀತಾರೆ, ನೀನ್ ಒತ್ಕೊಂಡ್ ಬತ್ತೀಯ" ಎಂದ.

ನನಗೆ ತಡೆಯಲಾಗಲಿಲ್ಲ. "ನೀನ್ ಕೊಡೋ ನೀರೂ ಬಿಟ್ಟೀನೇ ಅಲ್ವಾ ಅಪ್ಪ" ಎಂದೆ.

ಹೇಳಿದ ಕ್ಷಣಕ್ಕೆ ಬೇಸರವಾಯಿತು. ಅಪ್ಪ ಸ್ವಿಚ್ಚು ಆರಿಸಿದ. ಮೋಟರ್ ನಿಂತ ಮೇಲೂ ನಲ್ಲಿ ಸ್ವಲ್ಪ ಹೊತ್ತು ತೊಟ್ಟಿಕ್ಕುತ್ತಿತ್ತು. ಅವನು ಬಂದು ಮತ್ತೆ ಕೂತು, "ಓದು, ಏನೈತೆ ಅದ್ರಾಗೆ" ಎಂದ. ನಾನು ಮೊದಲ ಸಾಲಿನಿಂದಲೇ ಕನ್ನಡದಲ್ಲಿ ಹೇಳುತ್ತಾ ಬಂದೆ, ಬಣ್ಣ, ವಾಸನೆ, ರುಚಿ. ಒಂದೊಂದಕ್ಕೂ ತಲೆಯಾಡಿಸಿದ. ಗಡಸುತನಕ್ಕೆ ಸಡಿಲಿಕೆ ಇದೆ ಎಂದಾಗ "ಒಳ್ಳೇದು" ಎಂದ. ನೈಟ್ರೇಟಿಗೆ ಬಂದಾಗ "ಇದಕ್ಕೆ?" ಎಂದ. ಇಲ್ಲ ಎಂದೆ. ಅಪ್ಪನ ಬದುಕಿನಲ್ಲಿ ಸಡಿಲಿಕೆ ಸಿಗದ ಕಾಗದವನ್ನು ಅವನು ಕಂಡೇ ಇರಲಿಲ್ಲ. ಮನೆ ಕಟ್ಟುವಾಗ ಬೀದಿಗೆ ಬಿಡಬೇಕಾದ ಜಾಗಕ್ಕೂ ಸಿಕ್ಕಿತ್ತು. "ಗತಿ ಇಲ್ದೋರಿಗೂ ಇಲ್ವಾ?" ಎಂದು ಇನ್ನೊಮ್ಮೆ ಕೇಳಿದ. "ಯಾರಿಗೂ ಇಲ್ಲ" ಎಂದೆ. ಎಲ್ಲಿಂದ ಬಂದು ಸೇರುತ್ತದೆ ಎಂದು ಕೇಳಿದಾಗ ನಾನು ಬಾಡಿಗೆ ಮನೆಗಳ ಹಿಂದಕ್ಕೆ ಕಣ್ಣು ಹಾಯಿಸಿದೆ. ಅಪ್ಪನಿಗೆ ಅಷ್ಟು ಸಾಕು, ಅವನು ಆ ಕಡೆ ನೋಡಿ ತಲೆ ತಗ್ಗಿಸಿದ.

ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಹಿತ್ತಲಿಗೆ ಹೋದಾಗ ಅಪ್ಪ ಬೋರ್‌ವೆಲ್ಲಿನಿಂದ ಗುಂಡಿಗಳ ಕಡೆಗೆ ಹೆಜ್ಜೆ ಎಣಿಸುತ್ತಾ ನಡೆಯುತ್ತಿದ್ದ. ಮುಟ್ಟಿ, ತಿರುಗಿ, ಮತ್ತೆ ಎಣಿಸುತ್ತಿದ್ದ. ಹತ್ತಿರದ ಗುಂಡಿ ಬಹಳ ಹತ್ತಿರವಿತ್ತು. ಅವತ್ತು ಮೋಟರ್ ಹಾಕಲಿಲ್ಲ. ಒಗೆದ ಪಂಚೆ ಉಟ್ಟು, ಮದುವೆಗೆ ಕರೆಯಲು ಹೊರಟವನ ಹಾಗೆ ಹೆಗಲಿಗೆ ಟವೆಲ್ ಹಾಕಿಕೊಂಡು, "ಆ ಕಾಗ್ದ ತಗೊಂಡ್ ಬಾ, ಮನೆ ಮನೆಗೋಗಿ ಏಳ್ಬೇಕು" ಎಂದ.

ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ. ಏನು ವಿಷಯ ಎಂದು ಕೇಳುವುದು ಆಮೇಲೆ. ಮೊದಲನೇ ಮನೆಯಾಕೆ ಲೋಟ ತಂದಳು. ಹಿಂದಿನ ಸಂಜೆ ನಮ್ಮ ನಲ್ಲಿಯಲ್ಲೇ ಹಿಡಿದ ನೀರು. ಅಪ್ಪ ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, ಲೋಟ ವಾಪಸು ಕೊಟ್ಟು, "ಈ ನೀರು ಕುಡೀಬ್ಯಾಡಿ" ಎಂದ. ಆಕೆ ನನ್ನ ಮುಖ ನೋಡಿದಳು. ಎರಡನೇ ಮನೆಯಲ್ಲೂ ಹಾಗೇ. ಮೂರನೆಯದರಲ್ಲೂ ಲೋಟ ಬಂತು, ಕುಡಿದ, ಕುಡಿಯಬೇಡಿ ಎಂದ. ಒಬ್ಬರು ನಕ್ಕರು. ಇನ್ನೊಬ್ಬರು "ಇಷ್ಟು ದಿನ ಕುಡಿಸಿ ಈಗ ಹೇಳ್ತೀರಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಅಂದರು, ಅಪ್ಪ ಹೊಟ್ಟೆಗೆ ಹಾಕಿಕೊಂಡ. ಐದನೇ ಮನೆಯ ಹೊತ್ತಿಗೆ ನನಗೆ ನಗುವೂ ಅಳುವೂ ಒಟ್ಟಿಗೇ ಬರುತ್ತಿದ್ದವು. ಎಳೆ ಬಿಸಿಲಲ್ಲಿ ಆ ಹಳೆಯ ದ್ರಾಕ್ಷಿ ತೋಟದ ನೆಲದ ಮೇಲೆ ನಾವಿಬ್ಬರೂ ಯಾವುದೋ ಕನಸಿನಲ್ಲಿ ನಡೆಯುತ್ತಿದ್ದೇವೆ ಎನಿಸುತ್ತಿತ್ತು.

"ಅಪ್ಪ, ನೀನಾದ್ರೂ ಕುಡಿಯೋದು ಬಿಡು" ಎಂದು ಪಿಸುಗುಟ್ಟಿದೆ.

"ಕೊಟ್ಟ್ ನೀರು ಬ್ಯಾಡ ಅನ್ನಕಾಯ್ತದಾ?" ಎಂದ.

ಆಮೇಲೆ ನಲ್ಲಿಯ ಮೇಲೆ ತೊಳೆಯಲು ಮಾತ್ರ ಎಂದು ಬರೆಸಿದ್ದು, ಕುಡಿಯುವುದಕ್ಕೆ ಟ್ಯಾಂಕರ್ ಹೇಳಿದ್ದು, ವರ್ಷ ಕಳೆದು ಒಳಚರಂಡಿ ಬಂದಾಗ ಅಪ್ಪ ತಾನೇ ನಿಂತು ಗುಂಡಿ ಮುಚ್ಚಿಸಿದ್ದು, ಎಲ್ಲ ಆಯಿತು. ಕೂಸಿಗೆ ಏನೂ ಆಗಲಿಲ್ಲ, ಬೆಳೆದು ಶಾಲೆಗೆ ಹೋಗುವುದನ್ನೂ ನೋಡಿದೆ. ಕಣ್ಣು ಮುಚ್ಚಿದರೆ ಈಗಲೂ ಕಾಣುವುದು ಅವತ್ತಿನ ಹನ್ನೊಂದನೇ ಮನೆಯ ಬಾಗಿಲು.

ಕೂಸನ್ನು ಹೆಗಲಿಗೆ ಹಾಕಿಕೊಂಡೇ ಆಕೆ ಲೋಟ ತಂದಳು. "ಇವತ್ತು ಮೋಟರ್ ಹಾಕ್ಲಿಲ್ಲ ಅಣ್ಣ, ನಿನ್ನೇದೇ ಇಟ್ಕೊಂಡಿದ್ದೆ" ಎಂದಳು. ಒಳಗೆ ಒಲೆಯ ಮೇಲೆ ಪುಟ್ಟ ಪಾತ್ರೆ ಕಾಯುತ್ತಿತ್ತು. ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕುಡಿಯಲಿಲ್ಲ. ಕೂಸಿನ ತುಟಿಯನ್ನು, ಉಗುರನ್ನು, ಅಂಗಾಲನ್ನು ನೋಡುತ್ತಾ ನಿಂತ.

"ಮಗೀಗೆ ಇದ್ನ ಕೊಡ್ಬ್ಯಾಡವ್ವ."

"ಕುದಿಸೇ ಕೊಡೋದು ಅಣ್ಣ."

"ಕುದ್ಸಿದ್ರೂ ಓಗಲ್ಲ. ಇಂದ್ಗಡೆ ಗುಂಡಿದು ಸೇರ್ಕಂಡೈತೆ. ನಾನೇ ತೆಗ್ಸಿದ್ದು."

ಆಕೆ ಅವನನ್ನೂ ನನ್ನನ್ನೂ ನೋಡಿದಳು. ನಾನು ಕಾಗದ ಚಾಚಿದೆ, ಅವಳು ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ, ಸೆರಗಿನಲ್ಲಿ ಹಿಡಿದು ಆ ಪಾತ್ರೆಯನ್ನು ತಂದು, ನಮ್ಮೆದುರೇ ಚರಂಡಿಗೆ ಸುರಿದಳು. ಹಬೆ ಎದ್ದಿತು. ಅಪ್ಪ ಬಗ್ಗಿ, ತನ್ನ ಕೈಯಲ್ಲಿದ್ದದ್ದನ್ನೂ ಅದರ ಪಕ್ಕದಲ್ಲೇ ಸುರಿದು, ಖಾಲಿ ಲೋಟವನ್ನು ಅವಳಿಗೆ ಕೊಟ್ಟ.